ಸಿಮೋನನನ್ನು ಹೊತ್ತವರು

ತೊರಿಬಿಯೊ ಸತ್ತದ್ದು ಶಿಲುಬೆಯ ಕೆಳಗೆ. ಊರು ಅದನ್ನು ಒಪ್ಪಲಿಲ್ಲ.

ಬುಧವಾರ ಸಂಜೆ ಶಿಲುಬೆಯನ್ನು ಮೇಲಿನ ದೊಡ್ಡ ಚರ್ಚಿನಿಂದ ಸೇತುವೆ ಪಕ್ಕದ ಚಿಕ್ಕ ಚರ್ಚಿಗೆ ಇಳಿಸುತ್ತಿದ್ದರು. ಇಳಿಸುವ ದಿನ ಬ್ಯಾಂಡಿಲ್ಲ, ಧೂಪವಿಲ್ಲ, ನೋಡುವವರೂ ಇಲ್ಲ. ಶುಭ ಶುಕ್ರವಾರ ಅದೇ ಶಿಲುಬೆ ಮೇಲಕ್ಕೆ ಹತ್ತುವಾಗ ಮಾತ್ರ ಸಾಂತಾ ಇನೆಸ್ ಊರಿಗೆ ಊರೇ ಬೀದಿಗೆ ಬರುತ್ತದೆ. ಆದರೆ ಹೊರುವವನಿಗೆ ಗೊತ್ತು, ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಯುವಾಗ ಇಡೀ ಭಾರ ಮುಂದಿನವನ ಎದೆಗೆ ಬರುತ್ತದೆ. ತೊರಿಬಿಯೊ ಮುಂದಿನವನು.

ಅದು ದೇವದಾರಿನ ಶಿಲುಬೆ. ಮೇಲೆ ಆಳೆತ್ತರದ ಯೇಸು. ಕೆಳಗೆ ಕಬ್ಬಿಣದ ಪಟ್ಟಿ ಬಿಗಿದ ಹಲಗೆ, ಹಲಗೆಯ ಅಡಿಯಲ್ಲಿ ಹೆಗಲು ಕೊಡುವ ತೊಲೆಗಳು. ಅಜ್ಜಂದಿರ ಕಾಲದಲ್ಲಿ ಇಷ್ಟು ಭಾರವಿರಲಿಲ್ಲವಂತೆ. ಪ್ರತಿ ತಲೆಮಾರಿನ ಧಣಿಗಳೂ ಒಂದೊಂದು ಹರಕೆ ಸೇರಿಸಿದರು. ಒಬ್ಬ ಬೆಳ್ಳಿಯ ಕಿರಣ ಕೊಟ್ಟ, ಒಬ್ಬ ಹಿತ್ತಾಳೆಯ ದೀಪಗಳನ್ನು ಕೊಟ್ಟ, ಇನ್ನೊಬ್ಬ ಪಾದದ ಬಳಿ ಅಮೃತಶಿಲೆಯ ಬಂಡೆಯನ್ನೇ ಇಡಿಸಿದ. ಹರಕೆ ಅವರದು. ಹೆಗಲು ಇಳಿಜಾರಿನವರದು.

ಸೇತುವೆಯಿಂದ ಮೇಲಿನ ತಿರುವಿನವರೆಗೆ ಕಡಿದಾದ ಕಲ್ಲುಬೀದಿ. ಅದರ ಎರಡು ಬದಿಯ ಗುಡಿಸಲುಗಳಲ್ಲಿ ಇರುವವರು ಇಳಿಜಾರಿನವರು. ಹಗಲೆಲ್ಲ ಹಣೆಗೆ ಚರ್ಮದ ಪಟ್ಟಿ ಹಾಕಿ ಬೆನ್ನ ಮೇಲೆ ಸೌದೆ, ಜೋಳ, ಕಾಫಿ ಮೂಟೆ ಹೊರುವ ಜನ. ಶುಕ್ರವಾರ ಆ ಏರುಬೀದಿಯಲ್ಲಿ ಶಿಲುಬೆ ಹೊರುವುದು ಅವರ ಪಾಲು. ತಿರುವಿಗೆ ಬಂದಾಗ, ಮೆರವಣಿಗೆ ನಡೆಸುವ ಧಣಿಗಳ ಸಂಘವಾದ ಸೋದರಕೂಟದವರು ಬೀದಿಗೆ ಅಡ್ಡವಾಗಿ ಕಪ್ಪು ಪರದೆ ಹಿಡಿಯುತ್ತಾರೆ. ಪರದೆಯ ಹಿಂದೆ ಹೆಗಲು ಬದಲಾಗುತ್ತದೆ. ಬೆವರಿನ ಅಂಗಿಯವರು ಹೊರಗೆ ಬರುತ್ತಾರೆ, ಕಪ್ಪು ನಿಲುವಂಗಿಯವರು ತೊಲೆಯಡಿ ಸೇರುತ್ತಾರೆ. ಆಮೇಲೆ ಪರದೆ ಸರಿಯುತ್ತದೆ. ಬ್ಯಾಂಡು ಶೋಕದ ಪದ ಬಾರಿಸುತ್ತದೆ. ಚೌಕದ ಜನ ಮೊಣಕಾಲೂರುತ್ತಾರೆ. ನಿಲುವಂಗಿಯವರು ಸಮತಟ್ಟಾದ ನೆಲದ ಮೇಲೆ, ಬಣ್ಣದ ಮರದ ಹುಡಿಯಲ್ಲಿ ಬಿಡಿಸಿದ ಹೂವಿನ ಹಾಸುಗಳನ್ನು ತುಳಿಯುತ್ತ, ಚರ್ಚಿನ ಬಾಗಿಲಿಗೆ ಹೋಗುತ್ತಾರೆ. ಕೆಲವರು ಅಳುತ್ತಾರೆ ಕೂಡ. ಹೊತ್ತು ತಂದವರನ್ನು ಹಿಂದಿನ ಓಣಿಗೆ ಕಳಿಸುತ್ತಾರೆ. ಅಲ್ಲಿ ಅವರಿಗೆ ಒಂದು ಬಟ್ಟಲು ಸಾರು, ಒಂದು ರೊಟ್ಟಿ.

ಸೋದರಕೂಟ ಅವರಿಗೆ ಒಂದು ಹೆಸರನ್ನೂ ಕೊಟ್ಟಿದೆ. ಸಿರೇನರು. ಚರ್ಚಿನ ಗೋಡೆಯ ಚಿತ್ರದಲ್ಲಿ ಯೇಸು ಶಿಲುಬೆ ಹೊರಲಾರದೆ ಬಿದ್ದಿದ್ದಾನೆ. ಹೊಲದಿಂದ ಮನೆಗೆ ಹೋಗುತ್ತಿದ್ದ ಸಿರೇನ ಊರಿನ ಸಿಮೋನ ಎಂಬುವನನ್ನು ಸಿಪಾಯಿಗಳು ಹಿಡಿದು ಅದನ್ನು ಹೊರಿಸುತ್ತಿದ್ದಾರೆ. ಆ ಹೆಸರು.

ಊರಿನ ನೇಮ ಒಂದೇ. ಹೊರಟ ಶಿಲುಬೆ ದಾರಿಯಲ್ಲಿ ನೆಲಕ್ಕೆ ತಾಗಬಾರದು. ತಾಗಿದರೆ ಆ ವರ್ಷ ಜೋಳಕ್ಕೆ ಆಲಿಕಲ್ಲು. ಇದನ್ನು ಇಳಿಜಾರಿನವರೂ ನಂಬುತ್ತಾರೆ. ನಂಬಿದ್ದರಿಂದಲೇ ತೊರಿಬಿಯೊ ಸತ್ತ.

ಸೇತುವೆಯ ಬಳಿ ಹಿಂದಿನವರ ಕಾಲು ಜಾರಿತು. ತೊಲೆ ಮುನ್ನುಗ್ಗಿತು. ತೊರಿಬಿಯೊ ಪಕ್ಕಕ್ಕೆ ಹಾರಿದ್ದರೆ ಬದುಕುತ್ತಿದ್ದ. ಹಾರಲಿಲ್ಲ. ಸೇತುವೆಯ ಕಲ್ಲುಗೋಡೆಗೆ ಬೆನ್ನು ಕೊಟ್ಟು ತೊಲೆಯನ್ನು ಎದೆಯಲ್ಲಿ ತಡೆದ. ಶಿಲುಬೆ ನಿಂತಿತು. ಅವನ ಎಲುಬು ಮುರಿದ ಸದ್ದು ಹಿಂದಿನವರಿಗೂ ಕೇಳಿಸಿತು. ಆದರೂ ಅವರು ಮೊದಲು ಕವೆಗೋಲುಗಳನ್ನು ತರಿಸಿದರು, ತೊಲೆಗೆ ಆನಿಸಿದರು, ಆಮೇಲೆ ಅವನನ್ನು ಎಳೆದರು.

ಗುರುವಾರ ಬೆಳಗ್ಗೆ ಅವನ ಬಾಯಿಂದ ರಕ್ತ ಬಂತು. ಬಸಿಲಿಯಾ ಸೆರಗಿನಿಂದ ಒರೆಸುತ್ತಿದ್ದಳು. ಒರೆಸುತ್ತಿದ್ದ ಹಾಗೇ ಹೋಗಿಬಿಟ್ಟ.

ಗಂಡನ ಮೈಯನ್ನು ಬಸಿಲಿಯಾ ತಾನೇ ತೊಳೆದಳು. ಪಕ್ಕದ ಮನೆಯ ಚೆಪಾ ನೀರು ಹೊಯ್ದಳು. ಎದೆ ಒಳಗೆ ಕುಸಿದು ಹಳೇ ಬುಟ್ಟಿಯ ಹಾಗಾಗಿತ್ತು. ಹೆಗಲ ಮೇಲೆ ಹೋರಿಯ ಹೆಗಲಿನಂಥ ಗಡ್ಡೆ. ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ, ಪಟ್ಟಿ ಕೊರೆದ ಕಾಲುವೆ. ಬಸಿಲಿಯಾ ಒದ್ದೆ ಬಟ್ಟೆಯನ್ನು ಆ ಕಾಲುವೆಯಲ್ಲಿ ಮತ್ತೆ ಮತ್ತೆ ಎಳೆದಳು.

"ಹಣೇಲಿ ಬರ್ದಿದ್ದು ಅಂತಾರಲ್ಲ," ಚೆಪಾ ಅಂದಳು. "ಬರ್ದಿದ್ದಲ್ಲ ಕಣೇ ಇದು. ಹೊರೆ ಕೊರ್ದಿದ್ದು."

ಬಾಗಿಲಲ್ಲಿ ನಿಕಾನೊರ್ ನಿಂತಿದ್ದ. ಹೊರುವವರ ಯಜಮಾನ ಅವನು; ಟೋಪಿ ಕೈಯಲ್ಲಿತ್ತು, ಕಣ್ಣು ನೆಲದ ಮೇಲೆ.

"ಪುಣ್ಯವಂತ ಕಣವ್ವ ನಿನ್ ಗಂಡ," ಅಂದ. "ಶಿಲುಬೆ ಕೆಳಗೆ ಸತ್ತೋನು ನೆಟ್ಟಗೆ ಸ್ವರ್ಗಕ್ಕೇ ಹೋಗ್ತಾನೆ. ನಮ್ಮಪ್ಪನ ಕಾಲ್ದಿಂದ್ಲೂ ಹಂಗೇ ಹೇಳ್ತಾರೆ."

"ನೀನ್ಯಾಕೆ ಹೋಗ್ಲಿಲ್ಲ ಅಣ್ಣ? ಅವ್ನ ಹಿಂದೇನೇ ಇದ್ದೆ."

ನಿಕಾನೊರ್ ಟೋಪಿಯ ಅಂಚನ್ನು ತಿರುಗಿಸಿದ.

"ಅವ್ನು ಸಿಕ್ಕಾಕ್ಕೊಂಡಾಗ ಶಿಲುಬೇನ ಯಾಕೆ ಇಳಿಸ್ಲಿಲ್ಲ?"

"ನೆಲಕ್ಕೆ ತಾಗ್‌ಬಾರ್ದಲ್ಲವ್ವ."

ಬಸಿಲಿಯಾ ಬಟ್ಟೆ ಹಿಂಡಿದಳು. ನೀರು ಕೆಂಪಾಗಿತ್ತು.

"ಆಯ್ತು. ನಾಳೆ ಬೆಳಗ್ಗೆ ಮಣ್ಣು ಮಾಡ್ಬೇಕು. ನೀವೇ ಹೊರ್ಬೇಕು. ಚೌಕದ ಮೇಲೆ ಹೋಗ್ಬೇಕು, ಎಲ್ರೂ ಹೋಗೋ ಹಂಗೆ. ನಮ್ಮಪ್ಪನ್ನೂ ಹಂಗೇ ಒಯ್ದಿದ್ದು."

"ನಾಳೆ ಶುಕ್ರವಾರ."

"ಸತ್ತೋನಿಗೆ ಯಾವ ವಾರ?"

ಸ್ಮಶಾನ ಚೌಕದ ಆಚೆಗಿದೆ. ಹೋಗಲು ಚೌಕದ ದಾರಿ ಒಂದೇ. ಇನ್ನೊಂದಿದೆ, ಆದರೆ ಅದನ್ನು ಯಾರೂ ದಾರಿ ಎನ್ನುವುದಿಲ್ಲ. ಕೊರಕಲಿನೊಳಗೆ ಇಳಿದು, ಊರಿನ ಕಸ ಮತ್ತು ಸತ್ತ ನಾಯಿಗಳ ನಡುವೆ ಹಾದು, ಆ ಕಡೆ ಹತ್ತುವ ಕಾಲುಜಾಡು.

ಬಸಿಲಿಯಾ ಚರ್ಚಿಗೆ ಹೋದಾಗ ಅಂಗಳದ ತುಂಬ ಬಣ್ಣ. ಹೆಂಗಸರು ಮರದ ಹುಡಿಯನ್ನು ಜರಡಿ ಹಿಡಿದು ನೇರಳೆ, ಹಳದಿ, ಹಸಿರು ರಾಶಿ ಮಾಡುತ್ತಿದ್ದರು. ಪಾದ್ರಿ ಕ್ಲೆಮೆಂತೆ ರಾಜಧಾನಿಯಿಂದ ಬಂದ ಎಳೆಯ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಅವರ ಪಕ್ಕದಲ್ಲಿ ಧಣಿ ದೋನ್ ಎವಾರಿಸ್ತೊ ನಿಂತಿದ್ದ. ಅವನು ಸೋದರಕೂಟದ ಮುಖ್ಯಸ್ಥ. ಕಾಫಿ ಗೋದಾಮು ಅವನದೇ. ಇಳಿಜಾರಿನ ಅರ್ಧ ಗಂಡಸರು ಅವನ ಮೂಟೆ ಹೊತ್ತು ಉಣ್ಣುವವರು.

ಪಾದ್ರಿ ಅವಳ ಕೈ ಹಿಡಿದುಕೊಂಡರು. "ಕೇಳಿದೆ ತಾಯಿ. ತುಂಬಾ ದುಃಖವಾಯ್ತು. ಆದ್ರೆ ಇವತ್ತಿಂದ ಶನಿವಾರದವರೆಗೂ ಸತ್ತವರ ಪೂಜೆ ನಡೆಸೋ ಹಾಗಿಲ್ಲ. ತಿರುಸಭೆಯ ಕಟ್ಟಳೆ ಅದು. ಭಾನುವಾರ ಪುನರುತ್ಥಾನ. ಸೋಮವಾರ ಮಾಡೋಣ."

"ಪೂಜೆ ಬ್ಯಾಡ ಪಾದ್ರಿ. ಚೌಕದ ಮೇಲೆ ಹಾದು ಹೋಗಾಕೆ ಬಿಡಿ ಸಾಕು. ಬಿಸ್ಲು ನೋಡಿ. ಸೋಮವಾರದ ತನ್ಕ ಮೈ ಇರಲ್ಲ."

"ಚೌಕದಲ್ಲಿ ಹಾಸು ಬಿಡಿಸ್ತಿದ್ದಾರಲ್ಲಮ್ಮ," ದೋನ್ ಎವಾರಿಸ್ತೊ ಅಂದ. "ಶಿಲುಬೆ ಹಾದು ಹೋಗೋಕೆ ಮುಂಚೆ ಅದರ ಮೇಲೆ ಒಂದು ಬೆಕ್ಕನ್ನೂ ಬಿಡಲ್ಲ ನಾವು. ಕೊರಕಲಿನ ದಾರಿ ಇದೆಯಲ್ಲ, ಅದರಲ್ಲಿ ಹೋಗಿ."

"ಕೊರಕಲಾಗೆ ನಾಯಿ ಎಸೀತಾರೆ ದೋನ್."

"ಸತ್ತ ಮೇಲೆ ಎಲ್ಲ ದಾರಿನೂ ಒಂದೇ."

"ನಿಮ್ಮ ಅಮ್ಮ ಸತ್ತಾಗ ಚೌಕಾನ ಮೂರು ಸುತ್ತು ಸುತ್ತಿಸಿದ್ರಿ. ಹೊತ್ತಿದ್ದು ನನ್ ಗಂಡ."

ಜರಡಿ ಹಿಡಿದಿದ್ದ ಹೆಂಗಸರ ಕೈ ನಿಂತಿತು. ದೋನ್ ಎವಾರಿಸ್ತೊನ ಮುಖ ಬಿಗಿಯಿತು.

"ನಿನ್ನ ಗಂಡ ಕುಡಿದಿದ್ದ. ಕುಡಿದು ಎಡವಿದ. ಬೆಳ್ಳಿ ಕಿರಣ ಬಾಗಿದೆ, ನೋಡಿದ್ದೀಯಾ? ದೇವರ ಕೆಲಸಕ್ಕೆ ಬರೋವಾಗಲೂ ನಿಮ್ಮ ಜನಕ್ಕೆ ಅದೊಂದು ಬಿಡೋಕಾಗಲ್ಲ."

"ಕುಡ್ದಿದ್ರೆ ಸ್ವರ್ಗ ಹೆಂಗೆ? ಸ್ವರ್ಗಕ್ಕೆ ಹೋದ್ನಂತಲ್ಲ, ನೆಟ್ಟಗೆ. ಅಲ್ಲಿಗೆ ಹೋಗೋನು ಚೌಕ ದಾಟ್‌ಬಾರ್ದಾ?"

ಪಾದ್ರಿ ನಡುವೆ ಬಂದರು. "ಕೋಪ ಬೇಡ ತಾಯಿ. ಪ್ರತಿಯೊಬ್ಬರಿಗೂ ಅವರವರ ಶಿಲುಬೆ ಇದೆ. ಇದು ನಿನ್ನದು. ಸ್ವಾಮಿ ಕೂಡ ಬಾಯಿ ಬಿಡದೆ ಹೊತ್ತರು. ಹೊರೋದ್ರಲ್ಲೇ ನಮ್ಮ ರಕ್ಷಣೆ."

ಪಾದ್ರಿಯ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಬಸಿಲಿಯಾಳಿಗೆ ಹೆಚ್ಚು ಭಯ ಹುಟ್ಟಿಸಿತು. ಅವರ ಕೈ ಬೆಚ್ಚಗಿತ್ತು, ಮೆತ್ತಗಿತ್ತು. ಎಂದೂ ಏನನ್ನೂ ಎತ್ತದ ಕೈ. ಅವಳು ತನ್ನ ಕೈಯನ್ನು ಬಿಡಿಸಿಕೊಂಡಳು.

"ಪಾದ್ರಿ, ಒಂದು ಕೇಳ್ಲಾ? ಆ ಸಿಮೋನ ಇದ್ನಲ್ಲ. ಅವ್ನು ಸತ್ತಾಗ ಅವ್ನನ್ನ ಯಾರು ಹೊತ್ರು?"

"ಅದು... ಅದು ಗ್ರಂಥದಲ್ಲಿಲ್ಲ ತಾಯಿ."

"ಯಾಕಿಲ್ಲ?"

ದೋನ್ ಎವಾರಿಸ್ತೊ ಗಡಿಯಾರ ನೋಡಿಕೊಂಡ. ಬಸಿಲಿಯಾ ಬಣ್ಣದ ರಾಶಿಗಳ ನಡುವೆ, ಒಂದನ್ನೂ ಮೆಟ್ಟದೆ, ಹೊರಗೆ ಬಂದಳು. ಬೀದಿಗೆ ಬಂದ ಮೇಲೆ ಹಾಗೆ ಜಾಗರೂಕತೆಯಿಂದ ಕಾಲಿಟ್ಟದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಹೊರುವವರೆಲ್ಲ ಅವಳ ಅಂಗಳದಲ್ಲಿ ಕೂತರು. ಅವಳು ಎಲ್ಲರಿಗೂ ಕಾಫಿ ಕೊಟ್ಟಳು, ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕಡುಬು, ತಮಾಲ್ ಕೊಟ್ಟಳು. ಒಳಗೆ ಮೈಯ ಸುತ್ತ ಸುಣ್ಣ ಹಾಕಿದ್ದರು. ಆದರೂ ವಾಸನೆ ಶುರುವಾಗಿತ್ತು. ತಿನ್ನುತ್ತಿದ್ದವರಿಗೆ ಅದು ಬಡಿಯುತ್ತಿತ್ತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

"ಮೆರವಣಿಗೆ ಮುಗೀಲಿ ಬಸಿಲಿಯಾ," ನಿಕಾನೊರ್ ಅಂದ. "ಕತ್ತಲಾಗೋಕೆ ಮುಂಚೆ ಕೊರಕಲಾಗೆ ಒಯ್ದು ಮಣ್ಣು ಮಾಡಾನ. ನಾನೇ ಮುಂದೆ ಹೊರ್ತೀನಿ."

"ಕೊರಕಲು ಬ್ಯಾಡ."

"ಹಠ ಮಾಡ್‌ಬ್ಯಾಡವ್ವ."

"ನಾಳೆ ನೀವು ಶಿಲುಬೆ ಹೊರ್‌ಬ್ಯಾಡಿ. ಒಂದು ವರ್ಷ. ಒಂದೇ ಒಂದು ವರ್ಷ. ಇವ್ನನ್ನ ಹೊತ್ಕಂಡು ಹೋಗಿ."

ಒಬ್ಬ ಕೆಮ್ಮಿದ.

"ದೋನ್ ನಾಳಿದ್ದು ಗೋದಾಮಿಗೆ ಬೀಗ ಹಾಕ್ತಾನೆ," ಇನ್ನೊಬ್ಬ ಅಂದ. "ನಮ್ ಮಕ್ಳು ಏನು ತಿಂತವೆ?"

"ಆಲಿಕಲ್ಲು ಬಿದ್ರೆ?" ಮತ್ತೊಬ್ಬ.

ಚೆಪಾ ಬಾಗಿಲಿಂದ ಕೂಗಿದಳು. "ಹೋದ್ವರ್ಷ ನೆಲಕ್ಕೆ ತಾಗ್ಲಿಲ್ವಲ್ರೋ, ಆದ್ರೂ ಬಿತ್ತಲ್ಲ ಆಲಿಕಲ್ಲು! ಅದರ ಹಿಂದಿನ ವರ್ಷನೂ ಬಿತ್ತು! ಆಲಿಕಲ್ಲಿಗೆ ದೋನ್ ಎವಾರಿಸ್ತೊ ಹೊಲ ಯಾವ್ದು, ನಿಮ್ಮ ಹೊಲ ಯಾವ್ದು ಅಂತ ಚೆನ್ನಾಗಿ ಗೊತ್ತು!"

ಒಂದಿಬ್ಬರು ನಕ್ಕರು. ನಗು ಬಂದಷ್ಟೇ ಬೇಗ ಸತ್ತಿತು.

ಬಸಿಲಿಯಾ ನೆಲಕ್ಕೆ ಕೂತು ನಿಕಾನೊರನ ಕಾಲು ಹಿಡಿದಳು. ಒಡೆದ ಹಿಮ್ಮಡಿ, ಕಲ್ಲಿನಂಥ ಬೆರಳು. ಅವನು ಕಾಲು ಎಳೆದುಕೊಂಡ. ಎದ್ದ. ಎಲ್ಲರೂ ಎದ್ದರು. ಖಾಲಿ ಬಟ್ಟಲುಗಳನ್ನು ಗೋಡೆಯ ಪಕ್ಕ ಸಾಲಾಗಿ ಇಟ್ಟು ಹೋದರು.

ಶುಕ್ರವಾರ ಮಧ್ಯಾಹ್ನ ಕೆಳಗೆ ಮರದ ಗಿಲಕಿಯ ಸದ್ದಾಯಿತು. ಆ ದಿನ ಗಂಟೆ ಬಾರಿಸುವುದಿಲ್ಲ. ಗಿಲಕಿ ತಿರುಗಿಸಿದರೆ ಶಿಲುಬೆ ಎದ್ದಿತು ಎಂದರ್ಥ. ಬಸಿಲಿಯಾ ಗೋಡೆಯಿಂದ ಗಂಡನ ಹಣೆಪಟ್ಟಿಯನ್ನು ತೆಗೆದಳು.

ಇಳಿಜಾರಿನಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಒಯ್ಯುವುದು ಕುರ್ಚಿಯಲ್ಲಿ. ಕಾಲು ಕುಯ್ದ ಕುರ್ಚಿಗೆ ಹಗ್ಗ ಕಟ್ಟಿ, ಹಗ್ಗವನ್ನು ಹಣೆಪಟ್ಟಿಗೆ ಸಿಕ್ಕಿಸಿ, ಒಬ್ಬ ಗಂಡಸು ಬೆನ್ನಿಗೆ ಬೆನ್ನು ಕೊಟ್ಟು ಹೊರುತ್ತಾನೆ. ಹೆಂಗಸರು ಹೊರುವುದಿಲ್ಲ. ಹೆಂಗಸರ ಹೊರೆ ತಲೆಯ ಮೇಲೆ.

"ನಿಂಗೆ ಹುಚ್ಚು ಹಿಡ್ದದೆ," ಚೆಪಾ ಅಂದಳು.

"ಕಾಲು ಹಿಡ್ಕೊ. ಕೂರ್ಸಾನ."

ಸೆಟೆದಿದ್ದ ಮೈ ಬೆಳಗ್ಗೆಯಿಂದ ಸಡಿಲಾಗಿತ್ತು. ಇಬ್ಬರೂ ಸೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಸೊಂಟಕ್ಕೆ, ಎದೆಗೆ, ಹಣೆಗೆ ಹಗ್ಗ ಬಿಗಿದರು. ದವಡೆಗೆ ಕರವಸ್ತ್ರ ಕಟ್ಟಿದರು. ಅವನ ಒಳ್ಳೆಯ ಅಂಗಿ ಹಾಕಿದರು. ಬಸಿಲಿಯಾ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಳು. ಹಣೆಪಟ್ಟಿ ಹಾಕಿಕೊಂಡಳು. ಅದರಲ್ಲಿ ಅವನ ಬೆವರಿನ ವಾಸನೆ ಇನ್ನೂ ಇತ್ತು. ಎದ್ದಳು. ಕುತ್ತಿಗೆ ಲಟಕ್ಕೆಂದಿತು. ಮತ್ತೆ ಕೂತಳು. ಚೆಪಾ ಬೈಯುತ್ತ, ಅಳುತ್ತ, ಹಿಂದಿನಿಂದ ಕುರ್ಚಿಯನ್ನು ಎತ್ತಿದಳು. ಈ ಸಲ ಬಸಿಲಿಯಾ ನಿಂತಳು.

ಏರುಬೀದಿ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಈಗ ಗೊತ್ತಿರಲಿಲ್ಲ. ಕಣ್ಣಿಗೆ ಕಲ್ಲು ಮಾತ್ರ ಕಾಣುತ್ತಿತ್ತು. ಒಂದು ಕಲ್ಲು, ಆಮೇಲೆ ಇನ್ನೊಂದು. ಹಣೆ ಸೀಳುತ್ತಿರುವ ಹಾಗಾಯಿತು. ಬೆನ್ನಿನ ಮೇಲೆ ಗಂಡನ ತಣ್ಣನೆಯ ಭಾರ. ಅಂಗಿ ಒದ್ದೆಯಾಗುತ್ತಿತ್ತು, ತನ್ನ ಬೆವರಿಗೋ ಅವನ ಮೈಯ ನೀರಿಗೋ ತಿಳಿಯಲಿಲ್ಲ. ಬಾಗಿಲುಗಳಲ್ಲಿ ನಿಂತ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬಳು ಬಂದು ಚೆಪಾಳ ಪಕ್ಕ ಕುರ್ಚಿಗೆ ಕೈ ಕೊಟ್ಟಳು. ಇನ್ನೊಬ್ಬಳು ಬಂದಳು. ಹಿಂದೆ, ಕೆಳಗೆ, ಗಿಲಕಿಯ ಸದ್ದು ಹತ್ತಿರವಾಗುತ್ತಿತ್ತು.

ತಿರುವಿನಲ್ಲಿ ಕಪ್ಪು ಪರದೆ ಆಗಲೇ ನಿಂತಿತ್ತು. ಅದರ ಮುಂದೆ ನಿಲುವಂಗಿಯವರು ಸಾಲಾಗಿ ಕಾಯುತ್ತಿದ್ದರು. ಬಿಳಿ ಕೈಗವಸು ತೊಟ್ಟಿದ್ದರು. ಬಸಿಲಿಯಾ ಬೀದಿಯ ನಟ್ಟನಡುವೆ ಕೂತಳು. ಕುರ್ಚಿ ನೆಲ ಮುಟ್ಟಿತು. ಪಟ್ಟಿ ಜಾರಿ ಬಿತ್ತು. ಹಣೆಯಿಂದ ರಕ್ತ ಹುಬ್ಬಿಗೆ ಇಳಿಯಿತು.

"ಇದೇನಿದು? ಎತ್ತು ಇದನ್ನ!" ದೋನ್ ಎವಾರಿಸ್ತೊ ಕಿರುಚಿದ. "ಶಿಲುಬೆ ಬರ್ತಾ ಇದೆ!"

"ಬರ್ಲಿ."

"ಏಯ್, ಎಳೀರಿ ಇವಳನ್ನ ಪಕ್ಕಕ್ಕೆ."

ಒಬ್ಬ ನಿಲುವಂಗಿಯವನು ಮುಂದೆ ಬಂದ. ವಾಸನೆ ಬಡಿಯಿತು. ಬಿಳಿ ಕೈಯನ್ನು ಮೂಗಿಗೆ ಹಿಡಿದು ಹಿಂದೆ ಸರಿದ.

ಅಷ್ಟರಲ್ಲಿ ಶಿಲುಬೆ ಬಂತು. ಮೊದಲು ಕಂಡದ್ದು ಬಾಗಿದ ಬೆಳ್ಳಿ ಕಿರಣ. ಆಮೇಲೆ ಯೇಸುವಿನ ಮುಖ. ಆಮೇಲೆ ಕೆಳಗೆ, ತೊಲೆಯಡಿ, ನಿಕಾನೊರನ ಮುಖ. ತೊರಿಬಿಯೊನ ಜಾಗದಲ್ಲಿ ಅವನಿದ್ದ. ಕತ್ತಿನ ನರ ಉಬ್ಬಿತ್ತು. ಸತ್ತವನನ್ನು ದಾಟಿ ಹೋಗುವ ರೂಢಿ ಇಳಿಜಾರಿನಲ್ಲಿ ಇಲ್ಲ. ಅವನು ನಿಂತ. ಹಿಂದಿನವರೆಲ್ಲ ನಿಂತರು. ಭಾರ ಹಿಂದಕ್ಕೆ ಜಗ್ಗಿತು; ಯಾರೋ ನರಳಿದರು.

"ಕವೆಗೋಲು! ಕವೆಗೋಲು ಕೊಡಿ!" ದೋನ್ ಎವಾರಿಸ್ತೊ ಕೂಗಿದ. "ನಿಕಾನೊರ್, ಅಲ್ಲಾಡಬೇಡ! ಹಿಡ್ಕೊ! ಇವಳನ್ನ ಈಗ ತೆಗೆಸ್ತೀನಿ."

ಬಸಿಲಿಯಾ ಕೂತಲ್ಲಿಂದಲೇ ತಲೆಯೆತ್ತಿದಳು. ಕೂಗಲು ಅವಳಲ್ಲಿ ಉಸಿರಿರಲಿಲ್ಲ.

"ಅಣ್ಣ," ಅಂದಳು. "ಇವ್ನು ಗೋಡೆಗೆ ಸಿಕ್ಕಿದ್ದಾಗ ನಿನ್ನ ಕೂಗಿದ್ನಾ?"

ನಿಕಾನೊರನ ಬಾಯಿ ತೆರೆಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ.

"ಕೂಗ್ದ," ಅಂದ.

"ಏನಂದ?"

"ಇಳ್ಸ್ರೋ ಅಂದ."

ಬೀದಿಯಲ್ಲಿ ಗಿಲಕಿ ಕೂಡ ನಿಂತಿತ್ತು. ನಿಕಾನೊರ್ ಯೇಸುವಿನ ಕಡೆ ನೋಡಲಿಲ್ಲ. ದೋನ್ ಕಡೆಯೂ ನೋಡಲಿಲ್ಲ. ಕುರ್ಚಿಯಲ್ಲಿ ಕೂತವನನ್ನು ನೋಡಿದ.

"ಇಳ್ಸಿ," ಅಂದ.

"ಅಣ್ಣಾ..." ಹಿಂದಿನಿಂದ ಯಾರೋ.

"ಇಳ್ಸಿ ಅಂದೆ ಕಣ್ರೋ! ಸಾಯ್ತಾ ಕೇಳ್ಕೊಂಡ, ಆವತ್ತು ಇಳಿಸ್ಲಿಲ್ಲ. ಈಗ ಇಳ್ಸಿ!"

ಅವರು ಇಳಿಸಿದರು. ಎಸೆಯಲಿಲ್ಲ. ಮಗುವನ್ನು ಚಾಪೆಗೆ ಇಳಿಸುವ ಹಾಗೆ, ಮೊಣಕಾಲು ಬಗ್ಗಿಸಿ, ನಿಧಾನಕ್ಕೆ. ಕಬ್ಬಿಣದ ಪಟ್ಟಿ ಕಲ್ಲಿಗೆ ತಾಗಿತು. ಒಂದು ಹಿತ್ತಾಳೆ ದೀಪ ಉರುಳಿ ಇಳಿಜಾರಿನಲ್ಲಿ ಸದ್ದು ಮಾಡುತ್ತ ಹೋಯಿತು. ಆಕಾಶ ಹಾಗೇ ಇತ್ತು. ಹೊರುವವರು ಬರೀ ಹೆಗಲಲ್ಲಿ ನಿಂತರು. ಇಷ್ಟು ದೊಡ್ಡ ತಪ್ಪನ್ನು ಅವರು ಎಂದೂ ಮಾಡಿರಲಿಲ್ಲ.

"ನರಕಕ್ಕೆ ಹೋಗ್ತೀರಾ!" ದೋನ್ ಎವಾರಿಸ್ತೊನ ದನಿ ಒಡೆದಿತ್ತು. "ಒಬ್ಬರಿಗೂ ಕೆಲಸ ಇಲ್ಲ! ಒಬ್ಬರಿಗೂ! ಪೊಲೀಸರನ್ನ ಕರೀರಿ!"

ನಾಲ್ವರು ಕುರ್ಚಿಗೆ ಹೆಗಲು ಕೊಟ್ಟರು. ತೊರಿಬಿಯೊ ಮೇಲೆದ್ದ. ನಿಕಾನೊರ್ ಕಪ್ಪು ಪರದೆಯನ್ನು ಕೈಯಿಂದ ಸರಿಸಿದ. ಹಿಡಿದವರು ಅದನ್ನು ಬಿಟ್ಟುಬಿಟ್ಟರು.

ಪರದೆ ಸರಿದದ್ದನ್ನು ಚೌಕ ನೋಡಿತು. ಬ್ಯಾಂಡು ಶೋಕದ ಪದ ಎತ್ತಿಕೊಂಡಿತು. ಜನ ಎಂದಿನಂತೆ ಮೊಣಕಾಲೂರಿದರು. ಧೂಪದ ಹೊಗೆ ದಟ್ಟವಾಗಿತ್ತು. ಹೆಗಲುಗಳ ಮೇಲೆ ಏನೋ ಬರುತ್ತಿದೆ ಎಂದಷ್ಟೇ ಕಂಡಿತು. ಬರಿಗಾಲುಗಳು ಮೊದಲ ಹಾಸನ್ನು ತುಳಿದವು. ನೇರಳೆ ಹುಡಿ ಎದ್ದಿತು. ಎರಡನೆಯ ಹಾಸು. ಮೂರನೆಯದು. ಆಮೇಲೆ ಮುಂದಿನ ಸಾಲಿನ ಒಬ್ಬ ಮುದುಕಿ ತಲೆಯೆತ್ತಿ ನೋಡಿದಳು, ದವಡೆಗೆ ಕರವಸ್ತ್ರ ಕಟ್ಟಿದ ಮುಖವನ್ನು. ಕಿರುಚಿದಳು. ತುತ್ತೂರಿ ನಿಂತಿತು, ಕೊಳಲು ನಿಂತಿತು. ಡೋಲಿನವನಿಗೆ ಏನೂ ಕಂಡಿರಲಿಲ್ಲ; ಅವನೊಬ್ಬನೇ ಬಾರಿಸುತ್ತಿದ್ದ. ಜನ ಮೊಣಕಾಲಿನಿಂದ ಎದ್ದರು. ಎಲ್ಲರೂ ಏಳಲಿಲ್ಲ. ಯಾರೋ ಉರಿಯುವ ಮೇಣದ ಬತ್ತಿಯನ್ನು ಎಸೆದರು. ಅದು ಬಸಿಲಿಯಾಳ ಭುಜಕ್ಕೆ ಬಡಿದು ಆರಿತು.

ಚರ್ಚಿನ ಮೆಟ್ಟಿಲಿಂದ ಪಾದ್ರಿ ಕ್ಲೆಮೆಂತೆ ಓಡಿ ಬಂದರು. ಕಪ್ಪು ಉಡುಪು ಕಾಲಿಗೆ ತೊಡರುತ್ತಿತ್ತು. ಕೈ ಅಡ್ಡ ಹಿಡಿದು ನಿಂತರು. ಮುಖ ಬಿಳಿಚಿತ್ತು.

"ತಾಯಿ, ಏನು ಮಾಡಿದೆ? ಶಿಲುಬೆ ಎಲ್ಲಿ?"

ಬಸಿಲಿಯಾ ಹಣೆಯ ರಕ್ತವನ್ನು ಅಂಗೈಯಿಂದ ಒರೆಸಿಕೊಂಡಳು.

"ದಾರೀಲೈತೆ ಪಾದ್ರಿ," ಅಂದಳು. "ಹೋಗಿ ಹೊತ್ಕಂಡು ಬನ್ನಿ."

ಅವರು ಪಕ್ಕಕ್ಕೆ ಸರಿದರೋ, ಹೊರುವವರೇ ಅವರನ್ನು ಸುತ್ತಿ ಹೋದರೋ, ಆಮೇಲೆ ಊರಿನಲ್ಲಿ ಎರಡು ಮಾತಿತ್ತು. ಬಸಿಲಿಯಾ ನೋಡಲಿಲ್ಲ. ಅವಳು ಕುರ್ಚಿಯ ಹಗ್ಗ ಹಿಡಿದು ನಡೆಯುತ್ತಿದ್ದಳು. ಹಿಂದೆ ಪೊಲೀಸರ ಸೀಟಿ ಕೇಳಿಸಿತು. ಬೂಟುಗಳ ಸದ್ದು. ಸ್ಮಶಾನ ಇನ್ನೂ ದೂರವಿತ್ತು. ಹೆಗಲು ಕೊಟ್ಟ ನಾಲ್ವರೂ ಓಡಲು ಶುರುಮಾಡಿದರು.